ಪೇಟೆ, ದಂಡು ಮತ್ತು ನಾವು

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರುಷಗಳ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈಗಾಗಲೇ ಹೇಳಿದ್ದಾರೆ. ಯಾವ ಸ್ವಾಮಿಗಳ ಕಾಲದಲ್ಲಿ ಗಂಟೆ ಬಂದಿತು, ಯಾರ ಕಾಲದಲ್ಲಿ ಹೆಂಚಿನ ಮಾಡು ತೆಗೆದು ತಾರಸಿ ಹಾಕಿದರು ಎಂಬುದೆಲ್ಲ ತಮಗೆ ತಿಳಿದ ವಿಷಯ. ನಾನು ಈ ಗುಡಿಯ ಗೋಡೆಯಿಂದ ಆಚೆಗೆ, ಇದನ್ನು ಸುತ್ತುವರಿದಿರುವ ಮಹಾನಗರದ ಬಗೆಗೆ ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ. ಅದಕ್ಕೆ ಕಾರಣವಿದೆ. ಹಬ್ಬದ ಬಲಿಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಚರ್ಚೆ ನಮ್ಮ ಸಮಿತಿಯಲ್ಲಿ ಎದ್ದಾಗ, ‘ನಾವು ಈ ಊರಿನವರು, ನೀವು ಬಂದವರು’ ಎಂಬ ಮಾತು ಎರಡು ಸಲ ಕೇಳಿಬಂದಿತು. ಎರಡು ಸಲವೂ ಅದನ್ನು ಆಡಿದವರು ಬೇರೆ ಬೇರೆ ಪಕ್ಷದವರು. ಹಾಗಾದರೆ ಬೆಂಗಳೂರಿನಲ್ಲಿ ಊರಿನವರು ಯಾರು, ಬಂದವರು ಯಾರು? ಚರಿತ್ರೆಯನ್ನು ಕೇಳಿ ನೋಡೋಣ.

ಬೆಂದ ಕಾಳು ತಿಂದ ಅರಸನ ಕಥೆ ಎಲ್ಲರಿಗೂ ಗೊತ್ತು. ಕಥೆ ಸೊಗಸಾಗಿದೆ, ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು ಅದಕ್ಕಿಂತ ಹಳೆಯದು. ಸುಮಾರು ಕ್ರಿ.ಶ. 890ರ ಹೊತ್ತಿನ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳಗವೊಂದರ ಉಲ್ಲೇಖವಿದೆ. ಅಂದರೆ ಈ ಹೆಸರು ಕನ್ನಡ ನಾಡಿನ ಕಲ್ಲಿನ ಮೇಲೆ ಕನ್ನಡದಲ್ಲಿ ಕೆತ್ತಲ್ಪಟ್ಟು ಹನ್ನೊಂದು ಶತಮಾನಗಳಾದವು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಪೇಟೆಯನ್ನು ನೆಲೆಗೊಳಿಸಿದಾಗ, ಅವರು ಮಾಡಿದ ಮೊದಲ ಕೆಲಸ ಕಸುಬಿನವರನ್ನು ಕರೆದು ಕೂರಿಸಿದ್ದು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಎಂಬ ಹೆಸರುಗಳೇ ಸಾಕ್ಷಿ. ಮಗ್ಗದವರು, ಗಾಣದವರು, ವರ್ತಕರು ನಾನಾ ಕಡೆಯಿಂದ ಬಂದರು. ಅವರಲ್ಲಿ ತೆಲುಗು ಮನೆಮಾತಿನವರು ಅನೇಕರಿದ್ದರು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ಗೆದ್ದ ಮೇಲೆ ಶಹಾಜಿ ಭೋಸಲೆ ಇಲ್ಲಿ ನೆಲೆಸಿದನು. ಅವನೊಡನೆ ಮರಾಠಿಗರು ಬಂದರು. ಮೊಗಲರು ಬಂದರು, ಮೈಸೂರಿನ ಚಿಕ್ಕದೇವರಾಜ ಒಡೆಯರು ಅವರಿಗೆ ಮೂರು ಲಕ್ಷ ರೂಪಾಯಿ ತೆತ್ತು ಊರನ್ನು ಪಡೆದರು. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದನು. ಮಣ್ಣಿನ ಕೋಟೆ ಕಲ್ಲಿನ ಕೋಟೆಯಾಯಿತು.

ಹೀಗೆ ಬಂದವರು ಒಬ್ಬರ ಪಕ್ಕದಲ್ಲೊಬ್ಬರು ಹೇಗೆ ಬಾಳಿದರು? ಕರಗದ ರಾತ್ರಿ ಪೇಟೆಗೆ ಹೋಗಿ ನೋಡಿರಿ. ತಿಗಳರ ಧರ್ಮರಾಯ ಗುಡಿಯಿಂದ ಹೊರಟ ಹೂವಿನ ಕರಗವು ಅರಳೆಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿ ಕೊಟ್ಟು ಮುಂದಕ್ಕೆ ಸಾಗುತ್ತದೆ. ಯಾವ ಸರ್ಕಾರದ ಆಜ್ಞೆಯಿಂದಲೂ ಈ ಪದ್ಧತಿ ಬಂದದ್ದಲ್ಲ.

ಇನ್ನು ದಂಡಿನ ಮಾತು. ನಮ್ಮ ಬೇರುಗಳು ಹೆಚ್ಚಾಗಿ ಅಲ್ಲಿಯೇ ಇರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರ ಪಡೆ ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಅದು ಹಲಸೂರಿನ ಬಯಲಿಗೆ ಬಂದಿತು. ಸೈನ್ಯವೆಂದರೆ ಬಂದೂಕು ಹಿಡಿದವರಷ್ಟೇ ಅಲ್ಲ. ಕುದುರೆಗೆ ಹುಲ್ಲು ಹಾಕುವವನು, ಬಟ್ಟೆ ಒಗೆಯುವವನು, ದರ್ಜಿ, ಬಟ್ಲರ್, ಮಾಂಸ ಮಾರುವವನು, ಕಲ್ಲು ಕಡಿಯುವವನು, ಸಾಲ ಕೊಡುವವನು ಎಲ್ಲರೂ ಹಿಂದೆಯೇ ಬಂದರು. ಮದರಾಸು ಮತ್ತು ಆರ್ಕಾಟಿನ ಕಡೆಯಿಂದ ತಮಿಳರು, ದಖ್ಖನಿ ಉರ್ದು ಮಾತಾಡುವ ಮುಸಲ್ಮಾನರು, ಐರ್ಲೆಂಡಿನ ಕಥೋಲಿಕ ಸಿಪಾಯಿಗಳು, ಆಂಗ್ಲೋ-ಇಂಡಿಯನ್ನರು ಒಂದೇ ಬಯಲಿನ ಸುತ್ತ ನೆಲೆಯೂರಿದರು. ಗುತ್ತಿಗೆದಾರರಾಗಿ ಮೇಲಕ್ಕೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಅಠಾರಾ ಕಚೇರಿಯ ಕಟ್ಟಡವನ್ನು ಕಟ್ಟಿಸಿಕೊಟ್ಟು, 1873ರಲ್ಲಿ ಬಡವರ ಮಕ್ಕಳಿಗಾಗಿ ಶಾಲೆಯನ್ನೂ ತೆರೆದರು. ಇಂದು ನಾವು ನಮ್ಮ ಹೈಕೋರ್ಟು ಎಂದು ಹೆಮ್ಮೆಯಿಂದ ತೋರಿಸುವ ಕೆಂಪು ಕಟ್ಟಡ ‘ಬಂದವರ’ ಕೈಯಿಂದ ಎದ್ದದ್ದು.

ಸೇಂಟ್ ಪ್ಯಾಟ್ರಿಕ್ಸ್ ದೇವಾಲಯ 1844ರಲ್ಲಿ ಐರಿಷ್ ಸೈನಿಕರಿಗಾಗಿ ಎದ್ದಿತು. ಬ್ಲ್ಯಾಕ್‌ಪಳ್ಳಿಯ ಮಾತೆಯ ಗುಡಿ ಅದಕ್ಕಿಂತಲೂ ಹಿಂದಿನದು. ಫ್ರೆಂಚ್ ಗುರುಗಳಾದ ಅಬ್ಬೆ ದ್ಯುಬುವಾ ಅವರ ಕಾಲದ ಚಿಕ್ಕ ಪ್ರಾರ್ಥನಾಲಯ ಬೆಳೆದು 1882ರಲ್ಲಿ ಗಾಥಿಕ್ ಶೈಲಿಯ ಮಹಾದೇವಾಲಯವಾಯಿತು. ಬಿಳಿ ಅಕ್ಕಿ ಹಳ್ಳಿ ಎಂಬುದೇ ಆಂಗ್ಲರ ಬಾಯಲ್ಲಿ ಬ್ಲ್ಯಾಕ್‌ಪಳ್ಳಿಯಾಯಿತೆಂದು ಹಿರಿಯರು ಹೇಳುವರು. ನಿಜವಾಗಿದ್ದರೆ, ಬಿಳಿಯದು ಕಪ್ಪಾದ ಇಂಥ ಉದಾಹರಣೆ ಭಾಷಾಶಾಸ್ತ್ರದಲ್ಲಿ ಅಪರೂಪವೇ ಸರಿ! ಅಲ್ಲಿ ಸೀರೆಯುಟ್ಟ ದೇವಮಾತೆಯ ಮುಂದೆ ಸೆಪ್ಟೆಂಬರ್ 8ರಂದು ಮೇಣದ ಬತ್ತಿ ಹಚ್ಚುವವರಲ್ಲಿ ಎಷ್ಟು ಮಂದಿ ಜ್ಞಾನಸ್ನಾನ ಪಡೆದವರು, ಎಷ್ಟು ಮಂದಿ ಅಲ್ಲ ಎಂದು ಯಾರೂ ಎಣಿಸುವುದಿಲ್ಲ.

ಪೇಟೆ ಬೇರೆ, ದಂಡು ಬೇರೆ. 1862ರಲ್ಲಿ ಎರಡಕ್ಕೂ ಪ್ರತ್ಯೇಕ ಪುರಸಭೆಗಳಾದವು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಆಂಗ್ಲರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ನಡುವೆ ಕಬ್ಬನ್ ಉದ್ಯಾನ, ಸಂಪಂಗಿ ಕೆರೆ. ಈ ಕಡೆ ಮಹಾರಾಜರ ಕಾನೂನು, ಆ ಕಡೆ ರೆಸಿಡೆಂಟರ ಕಾನೂನು. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಒಂದಾದವು. ಕಾಗದದ ಮೇಲೆ ಒಂದಾದವೆನ್ನೋಣ. ಮನಸ್ಸಿನಲ್ಲಿ ಆ ಗೆರೆ ಅಳಿಯಲು ಬಹಳ ಕಾಲ ಬೇಕಾಯಿತು. ನಮ್ಮ ಸಮಿತಿಯ ಚರ್ಚೆಯನ್ನು ಕೇಳಿದ ಮೇಲೆ ಅದು ಅಳಿದಿದೆಯೆಂದು ನಾನು ಹೇಳಲಾರೆ.

1898ರಲ್ಲಿ ಮಹಾಮಾರಿ ಪ್ಲೇಗು ಬಂದಾಗ ಅದು ಮಾತ್ರ ಈ ಗೆರೆಯನ್ನು ಲೆಕ್ಕಿಸಲಿಲ್ಲ. ಜನರು ಮನೆ ತೊರೆದು ಬಯಲಿಗೆ ಓಡಿದರು. ಇಕ್ಕಟ್ಟಾದ ಓಣಿಗಳೇ ರೋಗಕ್ಕೆ ಕಾರಣವೆಂದು ಬಗೆದು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳನ್ನು ಬೆಳೆಸಿದರು. ಗುಡ್ ಶೆಫರ್ಡ್ ಕನ್ಯೆಯರು 1886ರಲ್ಲಿ ಆರಂಭಿಸಿದ ಸಂತ ಮಾರ್ತಳ ಆಸ್ಪತ್ರೆ ಆಗಲೇ ಇದ್ದಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಬೀದಿಗಳು ಬೆಳಗಿದವು.

1901ರಲ್ಲಿ ಸುಮಾರು 1.6 ಲಕ್ಷವಿದ್ದ ಜನಸಂಖ್ಯೆ 1941ಕ್ಕೆ 4 ಲಕ್ಷವಾಯಿತು. ಮುಂದಿನ ಹತ್ತೇ ವರುಷಗಳಲ್ಲಿ ಅದು ಹೆಚ್ಚು ಕಡಿಮೆ ಇಮ್ಮಡಿಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., ಅನಂತರ ಎಚ್.ಎಂ.ಟಿ., ಬಿ.ಇ.ಎಲ್. ಬೆಳಗಿನ ಸೈರನ್ನು ಕೂಗಿದರೆ ಊಟದ ಡಬ್ಬಿ ಕಟ್ಟಿಕೊಂಡು ಸೈಕಲ್ಲೇರಿ ಹೊರಟ ತಂದೆಯನ್ನು ಇಲ್ಲಿರುವ ಎಷ್ಟೋ ಮಂದಿ ಕಂಡಿದ್ದೀರಿ. ಅಲ್ಲಿ ಲೇತ್ ಯಂತ್ರದ ಮುಂದೆ ಕೋಲಾರದವನು, ಸೇಲಮ್ಮಿನವನು, ಮಂಗಳೂರಿನವನು, ತ್ರಿಶೂರಿನವನು ಒಟ್ಟಿಗೆ ನಿಂತರು. ನನ್ನ ಅಭಿಪ್ರಾಯದಲ್ಲಿ ಈ ನಗರದ ಜನರನ್ನು ನಿಜವಾಗಿ ಒಂದುಗೂಡಿಸಿದ್ದು ಆ ಕಾರ್ಖಾನೆಗಳ ಕ್ಯಾಂಟೀನು. ನಮ್ಮ ದೇವಾಲಯಗಳು ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದವೆಂದು ಎದೆತಟ್ಟಿ ಹೇಳುವಂತಿಲ್ಲ.

ಏಕೆಂದರೆ ನಮ್ಮಲ್ಲಿ ಭಾಷೆಯ ಪ್ರಶ್ನೆ ಎದ್ದಿತು. ಲತೀನಿನಲ್ಲಿ ಪೂಜೆ ನಡೆಯುತ್ತಿದ್ದಾಗ ಜಗಳವಿರಲಿಲ್ಲ. ಯಾರಿಗೂ ತಿಳಿಯದ ಭಾಷೆ ಎಲ್ಲರಿಗೂ ಸಮಾನವಲ್ಲವೇ? 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಜನರ ಭಾಷೆ ಯಾವುದು? ಕನ್ನಡ ಕ್ರೈಸ್ತರು ತಮ್ಮದೇ ನಾಡಿನ ರಾಜಧಾನಿಯಲ್ಲಿ, ತಮ್ಮದೇ ದೇವಾಲಯಗಳಲ್ಲಿ ಕನ್ನಡಕ್ಕೆ ಸ್ಥಳ ಕೇಳಬೇಕಾಯಿತು. ಆ ನೋವು ನಿಜವಾದದ್ದು. ಅದನ್ನು ಗಲಭೆಯೆಂದು ತಳ್ಳಿಹಾಕುವವರು ಬೇಗೂರಿನ ಕಲ್ಲನ್ನು ಓದಿದವರಲ್ಲ. ಹಾಗೆಯೇ, ಮೂರು ತಲೆಮಾರು ತಮಿಳಿನಲ್ಲಿ ಜಪಸರ ಹೇಳುತ್ತ ಬಂದ ಮುದುಕಿಗೆ, ಅವಳ ಅಜ್ಜನೂ ಇದೇ ಮಣ್ಣಿನಲ್ಲಿ ಹೂಳಲ್ಪಟ್ಟಿರುವಾಗ, ‘ನೀನು ಪರದೇಶಿ’ ಎನ್ನುವುದೂ ಅನ್ಯಾಯ. 1982ರ ಗೋಕಾಕ್ ಚಳವಳಿಯ ದಿನಗಳಲ್ಲಿ ಗುರುಮಠದ ವಿದ್ಯಾರ್ಥಿಗಳಾದ ನಾವೂ ರಾತ್ರಿಯೆಲ್ಲ ವಾದ ಮಾಡಿದ್ದುಂಟು. ಕನ್ನಡದ ಪರವಾಗಿ ಅಂದು ಆಡಿದ ಮಾತನ್ನು ಇಂದೂ ಆಡುತ್ತೇನೆ. ಆದರೆ 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಈ ನಗರದ ಬೀದಿಗಳಲ್ಲಿ ತಮಿಳರ ಮನೆ, ಅಂಗಡಿಗಳು ಉರಿದವು, ಜೀವಗಳೂ ಹೋದವು. ನಾನಾಗ ಹೊಸ ಯಾಜಕ. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿಗೆ ಶಾಲೆಯ ಕೊಠಡಿಗಳನ್ನು ತೆರೆದುಕೊಟ್ಟವರೂ, ಗಂಜಿ ಬೇಯಿಸಿದವರೂ ನಮ್ಮ ಕನ್ನಡ ಕುಟುಂಬಗಳವರೇ. ಭಾಷಾಭಿಮಾನದ ವಿಷಯದಲ್ಲಿ ಅವರು ಯಾರಿಗೂ ಕಡಮೆಯವರಲ್ಲ.

ನಮ್ಮ ಹಳೆಯ ಜ್ಞಾನಸ್ನಾನದ ದಫ್ತರುಗಳನ್ನು ಈ ಉತ್ಸವಕ್ಕಾಗಿ ಧೂಳು ಕೊಡವಿ ತೆರೆದೆ. ತಂದೆಯ ಉದ್ಯೋಗದ ಅಂಕಣ ನೋಡುತ್ತ ಹೋದರೆ ನಗರದ ಚರಿತ್ರೆಯೇ ಇಳಿದು ಬರುತ್ತದೆ: ಮೊದಮೊದಲು ಬಟ್ಲರ್, ಅಡಿಗೆಯವ, ಬ್ಯಾಂಡಿನವ, ರೈಲ್ವೆ ಖಲಾಸಿ, ಮುಂದೆ ಬಿನ್ನಿ ಮಿಲ್ಲಿನ ಕೆಲಸಗಾರ, ಬಳಿಕ ಫಿಟ್ಟರ್, ಟರ್ನರ್, ಈಚಿನ ಪುಟಗಳಲ್ಲಿ ಬರೇ ‘ಸಾಫ್ಟ್‌ವೇರ್’. ತಾಯಿಯ ಉದ್ಯೋಗಕ್ಕೆ ಅಂಕಣವೇ ಇಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿದು ಹೊಲಿದು ಈ ಊರನ್ನು ಸಾಕುತ್ತಿರುವ ಹೆಂಗಸರ ಶ್ರಮ ದಫ್ತರಿನಲ್ಲಿ ದಾಖಲಾಗಲಿಲ್ಲ. ಆ ಅಂಕಣವನ್ನು ಈ ವರುಷದಿಂದ ಸೇರಿಸಿದ್ದೇನೆ.

ಊರು ಬೆಳೆದ ಬಗೆಯನ್ನು ತಾವು ಕಣ್ಣಾರೆ ಕಂಡಿದ್ದೀರಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದವರ ವಿಧಿಗಾಗಿ ಒಂದು ಪುಟ್ಟ ಕೊಳವಷ್ಟೇ ಉಳಿದಿದೆ. 2011ರ ಜನಗಣತಿಯಲ್ಲಿ ಜನಸಂಖ್ಯೆ 84 ಲಕ್ಷ ದಾಟಿತು. ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಮೆ. 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೇ ಐದಾಗಿ ಒಡೆದರು. ಬಾಡಿಗೆ ಕಟ್ಟಲಾರದೆ ನಮ್ಮ ಹಳೆಯ ಕುಟುಂಬಗಳು ಊರಾಚೆಗೆ ಹೋದವು. ಹಬ್ಬಕ್ಕೆ ಎರಡು ಬಸ್ಸು ಬದಲಿಸಿ ಬರುವ ಅವರನ್ನು ಇಂದು ಇಲ್ಲಿ ಕಂಡು ಸಂತೋಷವಾಗಿದೆ. ಅವರು ಬಿಟ್ಟುಹೋದ ಮನೆಗಳ ಜಾಗದಲ್ಲಿ ಎತ್ತರದ ಕಟ್ಟಡಗಳು ಏಳುತ್ತಿವೆ. ಅವುಗಳನ್ನು ಕಟ್ಟುತ್ತಿರುವವರು ತಗಡಿನ ಶೆಡ್ಡುಗಳಲ್ಲಿರುವ ಒಡಿಶಾ, ಜಾರ್ಖಂಡಿನ ಕೂಲಿಗಳು. ಅವರಲ್ಲಿ ಕೆಲವರು ನಮ್ಮ ವಿಶ್ವಾಸದವರೇ. ಭಾನುವಾರ ಕೊನೆಯ ಪೂಜೆಗೆ ಬಂದು ಹಿಂದಿನ ಕಂಬದ ಬಳಿ ನಿಂತು ಹೋಗುತ್ತಾರೆ. ತಮ್ಮ ಭಾಷೆಯಲ್ಲಿ ಪೂಜೆ ಬೇಕೆಂದು ಅವರು ಯಾರನ್ನೂ ಕೇಳಿಲ್ಲ.

ಆದ್ದರಿಂದ ಸಮಿತಿಯ ಮುಂದೆ ನಾನು ಇಟ್ಟಿರುವ ಏರ್ಪಾಡು ಇಷ್ಟೇ. ಹಬ್ಬದ ಸಡಗರದ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಇದು ಈ ನಾಡಿನ ಭಾಷೆ, ಇದರಲ್ಲಿ ಚೌಕಾಸಿಯಿಲ್ಲ. ತಮಿಳು ಮತ್ತು ಇಂಗ್ಲಿಷ್ ಪೂಜೆಗಳ ವೇಳೆ ಎಂದಿನಂತೆಯೇ ಇರುವುದು, ಅದರಲ್ಲಿಯೂ ಚೌಕಾಸಿಯಿಲ್ಲ. ಕನ್ನಡ ಬಾರದವರಿಗಾಗಿ ಮುಂದಿನ ಭಾನುವಾರದಿಂದ ಎರಡನೆಯ ಪೂಜೆಯಾದ ಮೇಲೆ ಶಾಲೆಯ ಕೆಳಗಿನ ಕೊಠಡಿಯಲ್ಲಿ ಒಂದು ಗಂಟೆಯ ಪಾಠ ನಡೆಯುವುದು. ಇಬ್ಬರು ನಿವೃತ್ತ ಉಪಾಧ್ಯಾಯಿನಿಯರು ಒಪ್ಪಿದ್ದಾರೆ. ಅವರಲ್ಲಿ ಒಬ್ಬರ ಮನೆಮಾತು ತಮಿಳು. ಹಿಂದಿನ ಕಂಬದ ಬಳಿ ನಿಲ್ಲುವವರನ್ನು ಕರೆದುಕೊಂಡು ಬರುವ ಕೆಲಸವನ್ನು ಯುವಜನರಿಗೆ ವಹಿಸಿದ್ದೇನೆ. ಹೆಸರು ಬರೆಸಬೇಕಾದವರು ಪೂಜೆಯ ಬಳಿಕ ಉಪದೇಶಿಗಳನ್ನು ಕಾಣಬೇಕು. ಶುಲ್ಕವಿಲ್ಲ.