ಕೊರಿಯದ ಸರ್ಕಾರಿ ಆಡಳಿತವೂ ತೊಂಗಿಲ್ ಭತ್ತವೂ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಹೊಸ ತಳಿಯೊಂದು ಸಂಶೋಧನಾ ಕೇಂದ್ರದಿಂದ ರೈತನ ಗದ್ದೆಗೆ ಬರಬೇಕಾದರೆ ಒಳ್ಳೆಯ ಬೀಜ, ಗೊಬ್ಬರ, ನೀರು ಇದ್ದರಷ್ಟೇ ಸಾಲದು. ಇವೆಲ್ಲವನ್ನೂ ಹೊತ್ತು ತರುವ ಸರ್ಕಾರಿ ಆಡಳಿತವೂ ಚೆನ್ನಾಗಿರಬೇಕು. ಆಡಳಿತದ ಶಕ್ತಿ ಎಷ್ಟು, ಅದರ ಕುಂದು ಎಲ್ಲಿ ಎಂಬುದನ್ನು ತಿಳಿಯಲು ದಕ್ಷಿಣ ಕೊರಿಯದ ತೊಂಗಿಲ್ ಭತ್ತದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಡಳಿತದ ಏಣಿ

ಕೊರಿಯದಲ್ಲಿ ಸರ್ಕಾರಿ ಅಧಿಕಾರಿಗೆ ಹಿಂದಿನಿಂದಲೂ ದೊಡ್ಡ ಗೌರವ. ಅರಸರ ಕಾಲದಲ್ಲಿ ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಉನ್ನತ ಹುದ್ದೆ ದೊರೆಯುತ್ತಿತ್ತು. ಆ ಪರೀಕ್ಷೆ 1894ರಲ್ಲಿ ರದ್ದಾಯಿತು. ಆದರೆ ಓದಿ ಪರೀಕ್ಷೆ ಗೆದ್ದವನು ಆಳಬೇಕು, ಉಳಿದವರು ಕೇಳಬೇಕು ಎಂಬ ಭಾವನೆ ಉಳಿದುಕೊಂಡಿತು.

ರಾಜಧಾನಿ ಸೋಲ್‌ನ ಕೆಳಗೆ ಪ್ರಾಂತಗಳು, ಅವುಗಳ ಕೆಳಗೆ ‘ಗುನ್’ ಎಂಬ ವಿಭಾಗಗಳು, ಅವುಗಳ ಕೆಳಗೆ ನಮ್ಮ ಹೋಬಳಿಯನ್ನು ಹೋಲುವ ‘ಮ್ಯೊನ್’, ಕಟ್ಟಕಡೆಗೆ ಹಳ್ಳಿ. 1961ರಲ್ಲಿ ಸೈನ್ಯದ ಬಲದಿಂದ ಅಧಿಕಾರಕ್ಕೆ ಬಂದ ಪಾರ್ಕ್ ಚುಂಗ್ ಹೀ ಅವರ ಕಾಲದಲ್ಲಿ ಪ್ರಾಂತದ ಗವರ್ನರನಿಂದ ಹಿಡಿದು ಗುನ್ ಮುಖ್ಯಸ್ಥನವರೆಗೆ ಎಲ್ಲರೂ ಮೇಲಿನಿಂದ ನೇಮಕವಾದವರು. ಆಜ್ಞೆ ಮೇಲಿನಿಂದ ಹೊರಟರೆ ಕೆಲವೇ ದಿನಗಳಲ್ಲಿ ಹಳ್ಳಿಗೆ ಮುಟ್ಟುತ್ತಿತ್ತು. ಹಳ್ಳಿಯ ಮಾತು ಮೇಲಕ್ಕೆ ಹೋಗಲು ಮಾತ್ರ ಅಷ್ಟು ಸುಲಭದ ದಾರಿ ಇರಲಿಲ್ಲ.

1962ರಲ್ಲಿ ಸುವೊನ್ ನಗರದಲ್ಲಿ ಗ್ರಾಮಾಭಿವೃದ್ಧಿ ಆಡಳಿತ ಸಂಸ್ಥೆ ಸ್ಥಾಪನೆಯಾಯಿತು. ಕೃಷಿ ಸಂಶೋಧನೆ, ವಿಸ್ತರಣೆ ಎರಡೂ ಒಂದೇ ಸಂಸ್ಥೆಯ ಕೈಗೆ ಬಂದವು. ತಳಿ ತಯಾರಿಸುವವರೂ ಅದನ್ನು ರೈತರಿಗೆ ತಿಳಿಸುವವರೂ ಒಂದೇ ಮನೆಯವರಾದುದು ಮುಂದಿನ ವೇಗಕ್ಕೆ ಮುಖ್ಯ ಕಾರಣ.

ತೊಂಗಿಲ್ ತಳಿ ಹುಟ್ಟಿದ ಬಗೆ

ಆಗ ಆ ದೇಶದಲ್ಲಿ ಅಕ್ಕಿಗೆ ಬಹಳ ಅಭಾವವಿತ್ತು. ಅಕ್ಕಿಯಿಂದ ಮದ್ಯ ತಯಾರಿಸುವುದನ್ನು ಸರ್ಕಾರ ನಿಷೇಧಿಸಿತ್ತು. ಅನ್ನಕ್ಕೆ ಬಾರ್ಲಿ ಬೆರೆಸಿ ಉಣ್ಣುವಂತೆ ಒತ್ತಾಯಿಸುತ್ತಿತ್ತು. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ವಿಜ್ಞಾನಿ ಹಿಯೊ ಮುನ್‌ಹ್ವೆ ಅವರು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ‘ಯೂಕಾರ’ ಮತ್ತು ತೈವಾನಿನ ‘ತೈಚುಂಗ್ ನೇಟಿವ್-1’ ತಳಿಗಳನ್ನು ಸಂಕರಿಸಿ, ಬಂದ ಸಂತತಿಯನ್ನು ‘ಐಆರ್-8’ರೊಡನೆ ಕೂಡಿಸಿದರು. ಕೊನೆಯ ಎರಡು ಹೆಸರುಗಳನ್ನು ನಮ್ಮ ಹಿರಿಯ ರೈತರೂ ಬಲ್ಲರು. ಹೀಗೆ ದೊರೆತ ಐಆರ್-667 ಸಾಲಿನಿಂದ ಆಯ್ದ ತಳಿಗೆ ‘ತೊಂಗಿಲ್’, ಅಂದರೆ ‘ಏಕೀಕರಣ’, ಎಂಬ ಹೆಸರಿಟ್ಟು 1972ರಿಂದ ದೊಡ್ಡ ಪ್ರಮಾಣದಲ್ಲಿ ಹಂಚಲಾಯಿತು.

ಗಿಡ್ಡ ತಳಿಯಾದುದರಿಂದ ಹೆಚ್ಚು ಗೊಬ್ಬರ ಕೊಟ್ಟರೂ ಪೈರು ನೆಲಕ್ಕೊರಗುತ್ತಿರಲಿಲ್ಲ. ಹಳೆಯ ತಳಿಗಳಿಗಿಂತ ಶೇಕಡ 30ರಷ್ಟು ಹೆಚ್ಚು ಇಳುವರಿ ಬಂದಿತು. ಆದರೆ ದೋಷಗಳೂ ಇದ್ದವು. ಚಳಿಯನ್ನು ತಾಳುತ್ತಿರಲಿಲ್ಲ, ಸಸಿಮಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಕಾಗಿತ್ತು. ಕಾಳು ಬೇಗ ಉದುರುತ್ತಿತ್ತು. ಹುಲ್ಲು ಗಿಡ್ಡವಾಗಿ, ಹಗ್ಗ ಹೊಸೆಯಲು ಬಾರದಂತಿತ್ತು. ಅಂಟು ಅನ್ನಕ್ಕೆ ಒಗ್ಗಿಹೋಗಿದ್ದ ಕೊರಿಯದ ಜನರಿಗೆ ಇದರ ಅನ್ನ ರುಚಿಸಲಿಲ್ಲ.

ಹರಡಿದ ರೀತಿ

ಹೀಗಿದ್ದರೂ ತಳಿ ವೇಗವಾಗಿ ಹರಡಿತು. ಇದಕ್ಕೆ ಮೂರು ಕಾರಣಗಳು. ಮೊದಲನೆಯದು, ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಹಳ್ಳಿ ಹಳ್ಳಿಯ ರೈತರಿಗೆ ಕೊಟ್ಟ ತರಬೇತಿ. ಎರಡನೆಯದು, ಬೆಲೆ. ಸರ್ಕಾರ ರೈತರಿಂದ ಹೆಚ್ಚಿನ ದರಕ್ಕೆ ಅಕ್ಕಿ ಕೊಂಡು ಪಟ್ಟಣಗಳಲ್ಲಿ ಕಡಿಮೆ ದರಕ್ಕೆ ಮಾರಿತು. ನಷ್ಟವನ್ನು ಖಜಾನೆ ಹೊತ್ತಿತು. ಪೇಟೆಯಲ್ಲಿ ಬೇಡವಾದ ತೊಂಗಿಲ್ ಅಕ್ಕಿಗೆ ಸರ್ಕಾರವೇ ಖಾತರಿಯ ಗಿರಾಕಿಯಾಯಿತು. ಮೂರನೆಯದು, ಗುರಿ. ಇಷ್ಟು ಹೆಕ್ಟೇರಿನಲ್ಲಿ ತೊಂಗಿಲ್ ನಾಟಿಯಾಗಬೇಕೆಂದು ಪ್ರಾಂತಕ್ಕೆ, ಗುನ್‌ಗೆ, ಮ್ಯೊನ್‌ಗೆ, ಹಳ್ಳಿಗೆ ಲೆಕ್ಕ ಹಂಚಲಾಗುತ್ತಿತ್ತು. ಅಧಿಕಾರಿಯ ಬಡ್ತಿ ಈ ಲೆಕ್ಕವನ್ನು ಅವಲಂಬಿಸಿತ್ತು.

1977ರಲ್ಲಿ ದೇಶದ ಉತ್ಪಾದನೆ ಸುಮಾರು 60 ಲಕ್ಷ ಟನ್ ಅಕ್ಕಿಗೆ ಏರಿತು. ಹೆಕ್ಟೇರಿಗೆ ಸರಾಸರಿ 4.94 ಟನ್ ಅಕ್ಕಿ, ಭತ್ತವಲ್ಲ, ಅಕ್ಕಿ. ಸರ್ಕಾರ ಸ್ವಾವಲಂಬನೆಯನ್ನು ಸಾರಿತು. ಮದ್ಯಕ್ಕೆ ಅಕ್ಕಿ ಬಳಸಲು ಆ ವರ್ಷವೇ ಮತ್ತೆ ಅನುಮತಿ ದೊರೆಯಿತು. ಆಡಳಿತದ ಈ ಸಾಧನೆಯನ್ನು ಯಾರೂ ಕಡೆಗಣಿಸಲಾಗದು.

ಕಿವಿಯಿಲ್ಲದ ಆಡಳಿತ

ಆದರೆ ಗುರಿ ಮುಟ್ಟುವ ಆತುರದಲ್ಲಿ ರೈತನ ಮಾತು ಕೇಳಿಸದೆ ಹೋಯಿತು. ಬೇರೆ ತಳಿ ಬಿತ್ತಿದ ಸಸಿಮಡಿಗಳನ್ನು ಅಧಿಕಾರಿಗಳು ತುಳಿದು ಹಾಳು ಮಾಡಿದ ಪ್ರಸಂಗಗಳು ನಡೆದವು. ಚಳಿ ಹೆಚ್ಚಿರುವ ಎತ್ತರದ ಪ್ರದೇಶದ ರೈತ ‘ಇದು ನಮ್ಮ ಸೀಮೆಗೆ ಆಗದು’ ಎಂದರೂ ಗುರಿಯ ಪಟ್ಟಿಯಲ್ಲಿ ಆ ಮಾತು ಬರೆಯಲು ಜಾಗವಿರಲಿಲ್ಲ.

1978ರಲ್ಲಿ ಭತ್ತದ ಪ್ರದೇಶದ ಸುಮಾರು ಮುಕ್ಕಾಲು ಭಾಗವನ್ನು ತೊಂಗಿಲ್ ಗುಂಪಿನ ತಳಿಗಳೇ ಆವರಿಸಿದ್ದವು. ಆ ವರ್ಷ ಹೊಸದಾಗಿ ಹಂಚಿದ್ದ ‘ನೊಪುಂಗ್’ ತಳಿಗೆ ಬೆಂಕಿರೋಗ ತಗಲಿ ಪೈರು ನಾಶವಾಯಿತು. 1980ರ ಬೇಸಿಗೆ ಬಹಳ ತಣ್ಣಗಿದ್ದು ತೆನೆಗಳು ಜೊಳ್ಳಾದವು. ಆ ವರ್ಷದ ಉತ್ಪಾದನೆ ಸುಮಾರು 35.5 ಲಕ್ಷ ಟನ್ನಿಗೆ ಕುಸಿಯಿತು. ಸ್ವಾವಲಂಬನೆ ಸಾರಿದ ಮೂರೇ ವರ್ಷಗಳಲ್ಲಿ ದೇಶ ಹೊರಗಿನಿಂದ ಭಾರಿ ಪ್ರಮಾಣದ ಅಕ್ಕಿ ತರಿಸಬೇಕಾಯಿತು. ಚಳಿ ಎಲ್ಲ ತಳಿಗಳನ್ನೂ ಕಾಡಿತು, ನಿಜ. ಆದರೆ ಒಂದೇ ಬಗೆಯ, ಚಳಿಗೆ ಸೂಕ್ಷ್ಮವಾದ ತಳಿಗಳನ್ನು ಅಷ್ಟೊಂದು ಪ್ರದೇಶದಲ್ಲಿ ನೆಟ್ಟುದರಿಂದ ಪೆಟ್ಟು ಬಲವಾಯಿತು.

ಭತ್ತದಲ್ಲಷ್ಟೇ ಹೀಗಾಗಲಿಲ್ಲ. 1976ರಲ್ಲಿ ನೈಋತ್ಯ ಭಾಗದ ಹಾಂಪ್ಯೊಂಗ್‌ನಲ್ಲಿ ಕೃಷಿ ಸಹಕಾರ ಒಕ್ಕೂಟವು ಸಿಹಿಗೆಣಸನ್ನೆಲ್ಲ ಕೊಳ್ಳುವುದಾಗಿ ಹೇಳಿ ಕೊಳ್ಳಲಿಲ್ಲ, ಗೆಣಸು ಕೊಳೆಯಿತು. ಅಲ್ಲಿನ ರೈತರು ಸುಮ್ಮನಾಗಲಿಲ್ಲ. ನಷ್ಟದ ಲೆಕ್ಕ ಹಿಡಿದು ಹೋರಾಡಿ, 1978ರಲ್ಲಿ ಗ್ವಾಂಗ್‌ಜುವಿನಲ್ಲಿ ಉಪವಾಸ ಕುಳಿತು ಪರಿಹಾರ ಪಡೆದರು. ಪ್ರತಿಭಟನೆಗೆ ಎಡೆಯಿಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಬದಲಾವಣೆ

1980ರ ನಂತರ ತೊಂಗಿಲ್ ಪ್ರದೇಶ ವೇಗವಾಗಿ ಇಳಿಯಿತು. 1990ರ ದಶಕದ ಆರಂಭದಲ್ಲಿ ಸರ್ಕಾರ ಅದರ ಖರೀದಿಯನ್ನೇ ನಿಲ್ಲಿಸಿತು. ಆಡಳಿತವೂ ಬದಲಾಯಿತು. 1991ರಲ್ಲಿ ಸ್ಥಳೀಯ ಸಭೆಗಳಿಗೆ, 1995ರಲ್ಲಿ ಗವರ್ನರ್ ಮತ್ತು ಗುನ್ ಮುಖ್ಯಸ್ಥರ ಸ್ಥಾನಗಳಿಗೆ ಜನರೇ ಮತ ಹಾಕಿದರು. 1997ರಲ್ಲಿ ವಿಸ್ತರಣಾ ಕಾರ್ಯಕರ್ತರು ಕೇಂದ್ರದ ನೌಕರಿಯಿಂದ ಸ್ಥಳೀಯ ಸರ್ಕಾರಗಳ ನೌಕರಿಗೆ ಬಂದರು. ಸುವೊನ್‌ನ ಸಂಸ್ಥೆ 2014ರಲ್ಲಿ ಭತ್ತದ ಬಯಲಿನ ನಾಡಾದ ಜಿಯೊಂಜುವಿಗೆ ವರ್ಗವಾಯಿತು.

ಗಮನಿಸಬೇಕಾದ ಅಂಶಗಳು

ಈ ಚರಿತ್ರೆಯಿಂದ ಹೊಸ ತಳಿಗಳ ಬಗ್ಗೆ ಹೆದರಿಕೆ ಹುಟ್ಟಬಾರದು. ತೊಂಗಿಲ್ ಬಾರದಿದ್ದರೆ ಕೊರಿಯದ ಹಸಿವು ಅಷ್ಟು ಬೇಗ ನೀಗುತ್ತಿರಲಿಲ್ಲ. ಆದರೆ ಮುಂದಿನ ಮಾತುಗಳನ್ನು ನೆನಪಿಡಬೇಕು.

1. ಹೊಸ ತಳಿಯನ್ನು ಮೊದಲು ಸ್ವಲ್ಪ ಜಾಗದಲ್ಲಿ ಬೆಳೆದು ನೋಡಬೇಕು. ಇದ್ದ ಗದ್ದೆಗೆಲ್ಲ ಒಂದೇ ತಳಿ ಹಾಕಬಾರದು.

2. ಇಳುವರಿಯೊಂದನ್ನೇ ನೋಡದೆ ರೋಗನಿರೋಧಕ ಶಕ್ತಿ, ಹುಲ್ಲು, ರುಚಿ, ಪೇಟೆಯ ಬೆಲೆ ಎಲ್ಲವನ್ನೂ ವಿಚಾರಿಸಬೇಕು.

3. ಬೆಳೆ ಕೈಕೊಟ್ಟರೆ ರೈತರು ತಡಮಾಡದೆ ತಿಳಿಸಬೇಕು. ಕಾರ್ಯಕರ್ತರು ಅದನ್ನು ಇದ್ದಂತೆಯೇ ಮೇಲಕ್ಕೆ ಬರೆಯಬೇಕು. ಗುರಿ ಮುಟ್ಟಿದ ವರದಿಯಷ್ಟೇ ಮುಟ್ಟದ ವರದಿಯೂ ಸಂಶೋಧಕರಿಗೆ ಬೇಕು.

ಸೋಲ್‌ನಿಂದ ಹೊರಟ ಆಜ್ಞೆ ಗದ್ದೆ ಮುಟ್ಟಲು ಕೆಲವು ದಿನ ಸಾಕಾಗಿತ್ತು. ಗದ್ದೆಯ ಮಾತು ಸೋಲ್ ಮುಟ್ಟಲು ಎರಡು ಬೆಳೆ ನಷ್ಟವಾಗಬೇಕಾಯಿತು. ಬೀಜ ಬರುವ ದಾರಿಯಲ್ಲೇ ರೈತನ ಮಾತೂ ಹಿಂದಿರುಗಿ ಹೋಗುವಂತಾದರೆ ಇಂಥ ನಷ್ಟವನ್ನು ತಪ್ಪಿಸಬಹುದು.