ಆದ್ಯಕ್ಷರಗಳಲ್ಲಿ ಅಡಗಿದ ಮಾತು

(ಬಿಕ್ಕೋಡಿನಲ್ಲಿ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ಈ ಬಿಕ್ಕೋಡಿಗೆ ಬೇಲೂರು ದೂರವಲ್ಲ. ಅಲ್ಲಿಯ ಚೆನ್ನಕೇಶವನ ಗುಡಿಯ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಂತಮ್ಮ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಕೊರೆದಿರುವುದನ್ನು ತಾವು ಬಲ್ಲಿರಿ. ಕವಿಗಳಲ್ಲಿ ಕೆಲವರ ಪದ್ಧತಿಯೇ ಬೇರೆ. ಅವರು ಹೆಸರನ್ನು ಹೇಳಿಯೂ ಹೇಳದಂತೆ ಇಡುವರು. ಮಾಘನು ಶಿಶುಪಾಲವಧದ 19ನೆಯ ಸರ್ಗದ ಕೊನೆಗೆ ಒಂದು ಚಕ್ರಬಂಧವನ್ನು ರಚಿಸಿದ್ದಾನೆ. ಅದನ್ನು ಚಕ್ರದ ಆಕಾರದಲ್ಲಿ ಬರೆದು ಎರಡು ಬಳೆಗಳನ್ನು ಸುತ್ತಿ ಓದಿದರೆ ಕವಿಯ ಹೆಸರೂ ಕಾವ್ಯದ ಹೆಸರೂ ಹೊರಬೀಳುತ್ತವೆ. ಇದರ ಹತ್ತಿರದ ಬಂಧುವೇ ನಾವು ಈ ದಿನ ವಿಚಾರಮಾಡತಕ್ಕ ವಿಷಯ: ಪಾದಗಳ ಅಥವಾ ಪದ್ಯಗಳ ಮೊದಲ ಅಕ್ಷರಗಳನ್ನು ಕೂಡಿಸಿದಾಗ ದೊರೆಯುವ ಗೂಢವಾದ ಮಾತು.

ಇದು ನಮ್ಮ ದೇಶದ ಸೊತ್ತು ಮಾತ್ರವಲ್ಲ. ಯೆಹೂದ್ಯರ 119ನೆಯ ಕೀರ್ತನೆಯಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳು ಕ್ರಮವಾಗಿ ಬರುತ್ತವೆ; ಒಂದೊಂದು ಅಕ್ಷರದಿಂದ ಎಂಟೆಂಟು ವಚನಗಳು ತೊಡಗುತ್ತವೆ.

ಆದರೆ ಕನ್ನಡದಲ್ಲಿ ಹುಡುಕಹೊರಟವನಿಗೆ ಕೆಲವು ತೊಡಕುಗಳುಂಟು. ನಮ್ಮ ಹಳೆಯ ಪದ್ಯಗಳಲ್ಲಿ ಪಾದದ ಎರಡನೆಯ ಅಕ್ಷರವು ಆದಿಪ್ರಾಸಕ್ಕೆ ಕಟ್ಟುಬಿದ್ದದ್ದು. ಅಲ್ಲಿ ಒಂದೇ ವ್ಯಂಜನ ಸಾಲಾಗಿ ಇಳಿದುಬಂದರೆ ಅದು ಛಂದಸ್ಸಿನ ನಿಯಮವೇ ಹೊರತು ರಹಸ್ಯವಲ್ಲ. ಕವಿಗೆ ಸ್ವಾತಂತ್ರ್ಯವಿರುವುದು ಮೊದಲನೆಯ ಅಕ್ಷರದಲ್ಲಿ. ಅದರಲ್ಲಿಯೂ ಸಿಂಹಪ್ರಾಸವಾದರೆ ಹ್ರಸ್ವ, ಗಜಪ್ರಾಸವಾದರೆ ದೀರ್ಘ ಎಂಬ ಕಟ್ಟಳೆ ಬಿಟ್ಟದ್ದಲ್ಲ. ಮತ್ತೊಂದು ಮಾತು: ಓಲೆಗರಿಗಳಲ್ಲಿ ಪದ್ಯವನ್ನು ಸಾಲುಸಾಲಾಗಿ ಬಿಡಿಸಿ ಬರೆಯುತ್ತಿರಲಿಲ್ಲ, ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಪಾದವೆಲ್ಲಿ ತೊಡಗಿತೆಂಬುದನ್ನು ಛಂದಸ್ಸು ಬಲ್ಲವನೇ ಕಾಣಬೇಕು. ಅಂದಮೇಲೆ ಆದ್ಯಕ್ಷರದ ಗುಟ್ಟು ಕಣ್ಣಿಗಾಗಿ ಇಟ್ಟದ್ದಲ್ಲ, ಓದುಬಲ್ಲ ಕಿವಿಗಾಗಿ ಇಟ್ಟದ್ದು.

ಇನ್ನು ಮುಖ್ಯವಾದ ಪ್ರಶ್ನೆ: ಕವಿ ಇಟ್ಟದ್ದು ಯಾವುದು, ನಾವು ಕಂಡುಕೊಂಡದ್ದು ಯಾವುದು? ನಾಲ್ಕು ಪಾದಗಳ ಮೊದಲ ಅಕ್ಷರಗಳಲ್ಲಿ 'ಕವಿ' ಎಂದೋ 'ಮನೆ' ಎಂದೋ ಎರಡಕ್ಷರದ ಮಾತು ಎಲ್ಲಿಯಾದರೂ ಸಿಕ್ಕೀತು. ಅದಕ್ಕೆ ಕವಿ ಹೊಣೆಯಲ್ಲ. ವಾಲ್ಮೀಕಿಗಳ 24,000 ಶ್ಲೋಕಗಳಲ್ಲಿ ಸಾವಿರಕ್ಕೊಂದರಂತೆ ಆದ್ಯಕ್ಷರಗಳನ್ನು ತೆಗೆದರೆ ಗಾಯತ್ರಿಯ 24 ಅಕ್ಷರಗಳಾಗುತ್ತವೆಂಬ ಸಂಪ್ರದಾಯವನ್ನು ತಾವು ಕೇಳಿದ್ದೀರಿ. ಅದು ಪೂಜ್ಯವಾದ ಭಾವನೆ. ಆದರೆ ಪಾಠಭೇದಗಳು ಸೇರಿದಂತೆಲ್ಲ, ಬಿಟ್ಟಂತೆಲ್ಲ ಸಾವಿರದ ಗಡಿ ಸರಿಯುತ್ತದೆ. ವಡೋದರದ ಸಂಶೋಧಿತ ಆವೃತ್ತಿಯಲ್ಲಿ ಇಪ್ಪತ್ತು ಸಾವಿರ ಶ್ಲೋಕಗಳೂ ಇಲ್ಲ. ಭಕ್ತಿಯಿಂದ ಒಪ್ಪತಕ್ಕದ್ದನ್ನು ಲೆಕ್ಕದಿಂದ ಸಾಧಿಸಹೋಗುವುದು ನಮಗೆ ಉಚಿತವಾಗಿ ತೋರುವುದಿಲ್ಲ.

ಇದಕ್ಕೆ ಎದುರಾಗಿ, ಸಂದೇಹಕ್ಕೆ ಎಡೆಯೇ ಇಲ್ಲದ ಒಂದು ನಿದರ್ಶನ ನಮ್ಮ ಸಂಗೀತದಲ್ಲಿದೆ. ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ ವೆಂಕಟಮಖಿಯು 72 ಮೇಳಗಳ ಲೆಕ್ಕವನ್ನು ನಿಲ್ಲಿಸಿದನು. ಬಳಿಕ ಬಂದವರು ಮೇಳಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಕಟಪಯಾದಿ ಕ್ರಮದಿಂದ ಅವುಗಳ ಸಂಖ್ಯೆಯನ್ನು ಅಡಗಿಸಿದರು. ಧೀರಶಂಕರಾಭರಣದಲ್ಲಿ ಧ ಎಂದರೆ 9, ರ ಎಂದರೆ 2, ತಿರುಗಿಸಿದರೆ 29. ಮೇಚಕಲ್ಯಾಣಿಯಲ್ಲಿ 5 ಮತ್ತು 6, ತಿರುಗಿಸಿದರೆ 65. ಶಂಕರಾಭರಣ, ಕಲ್ಯಾಣಿ, ತೋಡಿ ಎಂಬ ಹೆಸರುಗಳು ಮೊದಲೇ ಇದ್ದವು. 'ಧೀರ', 'ಮೇಚ', 'ಹನುಮ' ಎಂಬ ತಲೆಗಳನ್ನು ಅಂಟಿಸಿದ್ದು ಸಂಖ್ಯೆಗಾಗಿಯೇ. ಇಟ್ಟವನ ಉದ್ದೇಶಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ? ಚಕ್ರವಾಕದಲ್ಲಿ ಒತ್ತಕ್ಷರದ ರ ಬಿಟ್ಟು ಕ ಹಿಡಿಯಬೇಕು, 16 ಬರುತ್ತದೆ. ರ ಹಿಡಿದರೆ 26 ಆಗಿ ಚಾರುಕೇಶಿಯ ಮನೆಯನ್ನು ಹೊಕ್ಕಂತಾಗುವುದು!

ಈ ಒರೆಗಲ್ಲನ್ನು ಹಿಡಿದು ಸಿರಿಭೂವಲಯದ ಕಡೆಗೆ ಬರೋಣ. ಕುಮುದೇಂದುವಿನದೆನ್ನುವ ಈ ಗ್ರಂಥವನ್ನು ಯಲ್ಲಪ್ಪ ಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ ಶ್ರಮವಹಿಸಿ 1953ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ತಂದರು. ಇದರಲ್ಲಿ ಅಕ್ಷರಗಳಿಲ್ಲ, ಅಂಕಗಳಿವೆ. ಉದ್ದ 27, ಅಗಲ 27, ಒಟ್ಟು 729 ಮನೆಗಳ ಚಕ್ರಗಳು. ಮನೆಗಳಲ್ಲಿ 1ರಿಂದ 64ರವರೆಗಿನ ಸಂಖ್ಯೆಗಳು, ಒಂದೊಂದಕ್ಕೆ ಒಂದೊಂದು ಧ್ವನಿ. ಬಂಧದ ದಾರಿ ಹಿಡಿದು ನಡೆದರೆ ಕನ್ನಡ ಸಾಂಗತ್ಯ ದೊರೆಯುತ್ತದೆ. ಆ ಸಾಂಗತ್ಯದ ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ, ನಡುವಣ ಅಕ್ಷರಗಳನ್ನು ಓದಿದರೆ ಸಂಸ್ಕೃತ! ಆಕಸ್ಮಿಕವಾಗಿ ಎರಡಕ್ಷರದ ಮಾತು ಹುಟ್ಟೀತು. ಬೇರೊಂದು ಭಾಷೆಯ ಪದ್ಯವೇ ಹುಟ್ಟಲಾರದು. ಆದಕಾರಣ ಇದನ್ನು ಬೇಕೆಂದೇ ಇಟ್ಟದ್ದೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಇಂಥ ಕಟ್ಟಿಗೆ ಇನ್ನೊಂದು ಗುಣವುಂಟು: ಲಿಪಿಕಾರನು ಪದ್ಯವೊಂದನ್ನು ಬಿಟ್ಟರೆ ಕೆಳಗಿಳಿಯುವ ಪ್ರಾಕೃತ ತಪ್ಪುತ್ತದೆ, ಕಳವು ಸಿಕ್ಕಿಬೀಳುತ್ತದೆ.

ಇಷ್ಟರಿಂದಲೇ ಈ ಗ್ರಂಥ 9ನೆಯ ಶತಮಾನದ್ದೆಂದಾಗಲಿ, ಇದರಲ್ಲಿ 718 ಭಾಷೆಗಳಿವೆಯೆಂದಾಗಲಿ ಸಿದ್ಧವಾಗದು. ಸಾಂಗತ್ಯದ ನಡೆಯನ್ನೂ ಭಾಷೆಯ ರೂಪವನ್ನೂ ನೋಡಿದ ವಿದ್ವಾಂಸರಲ್ಲಿ ಹಲವರು ಇದನ್ನು ಬಹಳ ಈಚಿನದೆನ್ನುತ್ತಾರೆ, ನಮಗೂ ಹಾಗೆಯೇ ತೋರುತ್ತದೆ. ಕೆಲವರಿಗೆ ಈ ಮಾತು ಕನ್ನಡದ ಕೀರ್ತಿಗೆ ಕುಂದೆಂದು ತೋರಬಹುದು. ಹಲ್ಮಿಡಿಯ ಶಾಸನ ದೊರೆತ ತಾಲ್ಲೂಕಿನಲ್ಲಿ ನಿಂತು ಕನ್ನಡದ ಪ್ರಾಚೀನತೆಗಾಗಿ ನಾವು ಯಾರಿಂದಲೂ ಸಾಲ ತರಬೇಕಾಗಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಕಾಗದ, ಒಂದು ಸೀಸದ ಕಡ್ಡಿ. ಮುದ್ರಿತ ಪುಸ್ತಕದ ಮೊದಲ ಅಧ್ಯಾಯವನ್ನು ತೆರೆದು, ಪದ್ಯಗಳ ಆದ್ಯಕ್ಷರಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಅರ್ಥವಾಗುವ ಪ್ರಾಕೃತ ಎಲ್ಲಿಯವರೆಗೆ ನಡೆದುಬರುವುದೋ ಅಲ್ಲಿಗೊಂದು ಗೆರೆಯೆಳೆಯಿರಿ.