ಆಕಾಶದ ಗೋಮಾಳ, ಅಪರಾಧಿಯ ಲೈಸೆನ್ಸು

(ಚಾಮರಾಜನಗರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ತಲೆ ನರೆತವರು ಅನೇಕರಿದ್ದೀರಿ. ಮನೆಯಲ್ಲಿ ರೇಡಿಯೋ ಇಟ್ಟವರು ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಕೇಳುವ ಕಿವಿಗೇ ಲೈಸೆನ್ಸು! ಆ ಪದ್ಧತಿ ಹೋಗಿ ಬಹಳ ಕಾಲವಾಯಿತು. ಈಗ ಕೇಳುವವನು ಸ್ವತಂತ್ರ, ನುಡಿಯುವವನಿಗೆ ಮಾತ್ರ ಲೈಸೆನ್ಸು. ಆ ನುಡಿಯುವವನು ಅಪರಾಧಿಯೆಂದು ನ್ಯಾಯಾಲಯದಲ್ಲಿ ತೀರ್ಮಾನವಾದರೆ ಅವನ ಲೈಸೆನ್ಸು ಉಳಿಯಬೇಕೇ, ಹೋಗಬೇಕೇ? ಈ ಸಂಜೆ ನಾವು ಆಡಬೇಕೆಂದಿರುವ ಮಾತು ಇಷ್ಟೇ.

ಇದು ದಿಲ್ಲಿಯವರ ತಲೆನೋವು, ನೂಲು ಬಿಚ್ಚುವ ನಮಗೂ ಅರಿಶಿನ ತೂಗುವ ನಮಗೂ ಏನು ಸಂಬಂಧ ಎನ್ನಬೇಡಿ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿ 9ರಂದು ಒಂದು ದೊಡ್ಡ ಮಾತು ಹೇಳಿತು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಕಾಶವೂ ಒಂದು ಗೋಮಾಳ. ಅಲ್ಲಿ ದನ ಮೇಯಿಸಲು ಒಬ್ಬನಿಗೆ ಅಪ್ಪಣೆ ಕೊಟ್ಟರೆ ಗೋಮಾಳ ಅವನ ಖಾತೆಗೆ ಬರುವುದಿಲ್ಲ. ಲೈಸೆನ್ಸೂ ಹಾಗೆಯೇ, ಕೊಟ್ಟವರು ಹಿಂದಕ್ಕೆ ಪಡೆಯಬಹುದಾದ ಎರವಲು.

ಕೊಡುವಾಗ ಸರ್ಕಾರ ಈ ಪ್ರಶ್ನೆ ಕೇಳಿಯೇ ಕೊಡುತ್ತದೆ. ಖಾಸಗಿ ಎಫ್‌.ಎಂ. ರೇಡಿಯೋಗಳ ಮೂರನೆಯ ಹಂತಕ್ಕಾಗಿ 2011ರಲ್ಲಿ ಹೊರಡಿಸಿದ ನಿಯಮಗಳನ್ನು ನೋಡಿ. ನೈತಿಕ ಅಧಃಪತನದ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನ, ಇಲ್ಲವೇ ದಿವಾಳಿಯೆಂದು ಘೋಷಿತನಾದವನ ಹಿಡಿತದಲ್ಲಿರುವ ಕಂಪನಿಗೆ ಅರ್ಹತೆಯಿಲ್ಲ ಎಂದು ಅಲ್ಲಿದೆ. ಬರೆದವನು ಜಾಣ. ಹಿಡಿತ ಎಂಬ ಪದ ಗಮನಿಸಿ. ಶಿಕ್ಷೆಯಾಗುವುದು ಮನುಷ್ಯನಿಗೆ, ಲೈಸೆನ್ಸು ಇರುವುದು ಕಂಪನಿಯ ಹೆಸರಿನಲ್ಲಿ. ಧಣಿ ಜೈಲಿಗೆ ಹೋಗುವ ಮುನ್ನ ಷೇರುಗಳನ್ನು ಹೆಂಡತಿಯ ಹೆಸರಿಗೋ ಭಾವಮೈದುನನ ಹೆಸರಿಗೋ ಬರೆದಿಟ್ಟರೆ ಕಾಗದದ ಮೇಲೆ ಕಂಪನಿ ಶುದ್ಧ. ಇಂಥ ಬೇನಾಮಿಯನ್ನು ಜಮೀನಿನಲ್ಲಿ ನೋಡಿದ ಜನ ನಾವು, ಆಕಾಶದಲ್ಲಿ ಗುರುತಿಸಲಾರೆವೇ?

ಹಾಗಾದರೆ ಅಪರಾಧಿಯ ಲೈಸೆನ್ಸು ಕಿತ್ತುಕೊಳ್ಳಿ ಎಂದು ಕೂಗಿ ಮನೆಗೆ ಹೋಗೋಣವೇ? ತಾಳಿ. ನಮ್ಮ ದೇಶದಲ್ಲಿ ಈಚೆಗೆ ಲೈಸೆನ್ಸಿನ ಮೇಲೆ ಕೈಯಿಟ್ಟ ದೊಡ್ಡ ಪ್ರಕರಣಗಳನ್ನು ನೋಡಿದರೆ ಭಯವಾಗುತ್ತದೆ. ಅವುಗಳಲ್ಲಿ ತೀರ್ಪು ಬಂದು ಅಪರಾಧಿಯಾದವನ ಪ್ರಕರಣ ಒಂದೂ ಇಲ್ಲ.

ಉದಯ ಟಿವಿ ನಡೆಸುವ ಸನ್ ಸಂಸ್ಥೆಯನ್ನು ತೆಗೆದುಕೊಳ್ಳಿ. 2015ರಲ್ಲಿ ಕೇಂದ್ರ ಗೃಹ ಖಾತೆ ಅದಕ್ಕೆ ಭದ್ರತಾ ಒಪ್ಪಿಗೆ ನಿರಾಕರಿಸಿತು. ಮಾಲೀಕರ ಮೇಲೆ ಮೊಕದ್ದಮೆಗಳಿದ್ದವು, ತೀರ್ಪು ಬಂದಿರಲಿಲ್ಲ. ಎಫ್‌.ಎಂ. ಹರಾಜಿನಲ್ಲಿ ಭಾಗವಹಿಸಲು ಅವರು ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2017ರ ಫೆಬ್ರವರಿ 2ರಂದು ಏರ್‌ಸೆಲ್-ಮ್ಯಾಕ್ಸಿಸ್ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ ಮಾರನ್ ಸಹೋದರರನ್ನು ಬಿಡುಗಡೆ ಮಾಡಿತು. ಆ ಕೋಟ್ಯಧೀಶರ ಮೇಲೆ ನಮಗೇನೂ ಮಮತೆಯಿಲ್ಲ. ಆದರೆ ಆರೋಪವನ್ನೇ ಶಿಕ್ಷೆಯೆಂದು ಎಣಿಸಿದ್ದರೆ ಏನಾಗುತ್ತಿತ್ತು?

ಇನ್ನೊಂದು ನಮ್ಮ ನೆರೆಯದೇ. ಗುಂಡ್ಲುಪೇಟೆಯಿಂದ ಹೊರಟ ತರಕಾರಿ ಲಾರಿ ಬಂಡೀಪುರ ದಾಟಿ ಕೋಳಿಕ್ಕೋಡು ಮುಟ್ಟುತ್ತದೆ, ರಾತ್ರಿ ಒಂಬತ್ತಕ್ಕೆ ಮುಂಚೆ ಗೇಟು ದಾಟಿದರೆ! ಆ ಕೋಳಿಕ್ಕೋಡಿನ ಮೀಡಿಯಾ ಒನ್ ವಾಹಿನಿಯನ್ನು 2022ರ ಜನವರಿ 31ರಂದು ನಿಲ್ಲಿಸಲಾಯಿತು. ಕಾರಣ ಕೇಳಿದರೆ ನ್ಯಾಯಾಧೀಶರ ಕೈಗೆ ಮುಚ್ಚಿದ ಲಕೋಟೆ. ವಾಹಿನಿಯವರಿಗೆ ಅದನ್ನು ತೋರಿಸಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ಹುಕುಮನ್ನು ತಳ್ಳಿಹಾಕಿತು. ಬೆಂಗಳೂರಿನ ಪವರ್ ಟಿವಿಯದು ಬೇರೆ ದಾರಿ. ಲೈಸೆನ್ಸು ನವೀಕರಣವಾಗಿಲ್ಲವೆಂದು 2024ರ ಜೂನ್‌ನಲ್ಲಿ ರಾಜ್ಯದ ಹೈಕೋರ್ಟು ಪ್ರಸಾರ ನಿಲ್ಲಿಸಿತು. ಜುಲೈ 12ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟು, ಇದರಲ್ಲಿ ರಾಜಕೀಯ ಹಗೆತನ ಕಾಣುತ್ತದೆ ಎಂದಿತು.

ನಿಜವಾಗಿ ಶಿಕ್ಷೆಯಾದವನ ಕಥೆ ಬೇಕೆಂದರೆ ಅಮೆರಿಕದ ನಾಕ್ಸ್‌ವಿಲ್ ಊರಿಗೆ ಹೋಗಬೇಕು. ಅಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಎಂಬ ಕಪ್ಪು ಜನಾಂಗದ ಶಾಸಕ 2012ರಲ್ಲಿ ಒಂದು ಸಣ್ಣ ರೇಡಿಯೋ ಕೇಂದ್ರ ಕೊಂಡ. ಆ ಊರಿನಲ್ಲಿ ಕಪ್ಪು ಜನರ ಒಡೆತನದ್ದು ಅದೊಂದೇ. ಅದಕ್ಕೂ ಹಿಂದೆ ಸಿಗರೇಟಿನ ತೆರಿಗೆ ಚೀಟಿಗಳ ವ್ಯವಹಾರದಲ್ಲಿ ಅವನಿಗೆ ಲಾಭವಾಗಿತ್ತು. ಅದನ್ನು ವರಮಾನದ ಲೆಕ್ಕದಲ್ಲಿ ತೋರಿಸದ್ದರಿಂದ 2016ರಲ್ಲಿ ಅಪರಾಧಿಯಾದ. 2022ರಲ್ಲಿ ಅಲ್ಲಿನ ಪ್ರಸಾರ ಆಯೋಗ ಲೈಸೆನ್ಸು ರದ್ದು ಮಾಡುವ ವಿಚಾರಣೆ ಆರಂಭಿಸಿತು. ಬಹಿರಂಗ ವಿಚಾರಣೆ, ಅವನ ಮಾತಿಗೂ ಅವಕಾಶ. ಲೈಸೆನ್ಸು ಅವನಲ್ಲೇ ಇರಲಿ ಎಂದು 2023ರಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು.

ಕೆಲವರಿಗೆ ಇದು ಮೆತ್ತಗಿನ ನ್ಯಾಯವೆನ್ನಿಸಬಹುದು. ನಮಗೆ ಹಾಗೆನ್ನಿಸುವುದಿಲ್ಲ. ಲೆಕ್ಕ ತಪ್ಪು ಬರೆದವನಿಗೂ, ವಾಹಿನಿಯನ್ನೇ ಆಯುಧ ಮಾಡಿಕೊಂಡು ಜನರನ್ನು ಬೆದರಿಸಿ ಹಣ ಕಿತ್ತವನಿಗೂ ಒಂದೇ ತಕ್ಕಡಿಯೇ? ಅಪರಾಧಕ್ಕೂ ಪ್ರಸಾರಕ್ಕೂ ನಂಟಿದೆಯೇ ಎಂದು ಮೊದಲು ನೋಡಬೇಕು. ನಂಟಿದ್ದರೆ ದಾಕ್ಷಿಣ್ಯ ಬೇಡ.

ಮೇಲ್ಮನವಿಯ ಮಾತು ಬಂದೇ ಬರುತ್ತದೆ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದ ಶಾಸಕನ ಸ್ಥಾನ ತಕ್ಷಣ ಹೋಗುತ್ತದೆಂದು 2013ರ ಜುಲೈ 10ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. 2025ರ ಮೇ 6ರಂದು ಗಣಿ ಮೊಕದ್ದಮೆಯಲ್ಲಿ ಗಂಗಾವತಿಯ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ಶಿಕ್ಷೆಯಾಯಿತು, ಅನರ್ಹತೆಯೂ ಬಂತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆದ್ದರಿಂದ ಮೊದಲ ತೀರ್ಪು ಬಂದಾಗ ಆಡಳಿತವನ್ನು ಅಪರಾಧಿಯ ಕೈಯಿಂದ ಬಿಡಿಸಿ ಬೇರೆಯವರಿಗೆ ವಹಿಸಬೇಕು. ಪೂರ್ತಿ ರದ್ದು ಮಾಡುವುದು ಮೇಲ್ಮನವಿ ಮುಗಿದ ಮೇಲೆ.

ಬೇರೆಯವರಿಗೆ ವಹಿಸುವುದು ಹೇಗೆ? ನ್ಯಾಯಬೆಲೆ ಅಂಗಡಿಯ ಲೈಸೆನ್ಸು ರದ್ದಾದರೆ ಕಾರ್ಡುದಾರರನ್ನು ಉಪವಾಸ ಕೆಡವುತ್ತಾರೆಯೇ? ಪಕ್ಕದ ಅಂಗಡಿಗೆ ಸೇರಿಸುತ್ತಾರೆ, ಅಕ್ಕಿ ನಿಲ್ಲುವುದಿಲ್ಲ. ಪ್ರಸಾರದಲ್ಲಿ ಬೀಗ ಬಿದ್ದರೆ ಧಣಿಗೆ ಇನ್ನೂ ಹತ್ತು ವ್ಯಾಪಾರಗಳಿರುತ್ತವೆ. ಬೀದಿಗೆ ಬೀಳುವವರು ಕ್ಯಾಮರಾ ಹೊರುವವನು, ಸುದ್ದಿ ಬರೆಯುವವಳು, ರಾತ್ರಿ ಪಾಳಿಯ ಕಾವಲುಗಾರ. ಗಿರಣಿ ಬಾಗಿಲು ಮುಚ್ಚಿದಾಗ ಯಾರ ಒಲೆ ಆರುತ್ತದೆ ಎಂಬುದನ್ನು ಈ ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಸಂಬಳ ತಪ್ಪದಂತೆ ವಾಹಿನಿ ನಡೆಯಬೇಕು. ಕೊನೆಗೆ ಲೈಸೆನ್ಸು ರದ್ದಾದರೆ ಆ ತರಂಗವನ್ನು ಮತ್ತೊಬ್ಬ ಕುಬೇರನಿಗೆ ಹರಾಜು ಹಾಕುವ ಮುನ್ನ ಕೆಲಸಗಾರರ ಸಹಕಾರ ಸಂಘಕ್ಕೋ ಊರಿನ ಸಂಸ್ಥೆಗೋ ಕೇಳಬೇಕು. ಪಕ್ಕದ ಸರಗೂರಿನಲ್ಲಿ ಜನಧ್ವನಿ ಎಂಬ ಸಮುದಾಯ ರೇಡಿಯೋ ಹುಟ್ಟಲಿಲ್ಲವೇ? ಅದಕ್ಕೆ ಕೋಟ್ಯಧೀಶ ಬೇಕಾಗಲಿಲ್ಲ.

ನಮ್ಮ ಸಂಸದರಿಗೆ ಕಳುಹಿಸಲು ಮನವಿ ಬರೆದಿದ್ದೇವೆ. ಅದರಲ್ಲಿ ನಾಲ್ಕೇ ಸಾಲು. ಆರೋಪದ ಮೇಲೆ ರದ್ದು ಕೂಡದು. ತೀರ್ಪಾದ ಮೇಲೆ ಬಹಿರಂಗ ವಿಚಾರಣೆಯಾಗಬೇಕು, ಲಕೋಟೆ ಬೇಡ. ಷೇರು ಯಾರ ಹೆಸರಿನಲ್ಲಿದ್ದರೂ ಹಿಡಿತ ಯಾರದೆಂದು ನೋಡಬೇಕು. ಕೆಲಸಗಾರರ ಸಂಬಳ ನಿಲ್ಲಬಾರದು. ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಗುಂಡ್ಲುಪೇಟೆಯ ಬಸ್ಸಿಗೆ ಹೋಗುವವರು ಮೊದಲು ಸಹಿ ಹಾಕಿ.